ಮಗು ‘ಕಾಣ್ತಿಲ್ಲ’ ಅನ್ನುವುದಿಲ್ಲ: ಮೊದಲ ಏಳೆಂಟು ವರ್ಷದ ಕಣ್ಣಿನ ಆರೈಕೆ

ಕಣ್ಪಾಪೆ:
ಮಕ್ಕಳಿಗೆ ಕಣ್ಣಿನ ಪರೀಕ್ಷೆ ಯಾವಾಗ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಬೋರ್ಡು ಕಾಣಲ್ಲ ಅಂದಾಗ’. ಪರೀಕ್ಷೆ ಯಾವ ಮಗುವಿಗೆ ತುರ್ತಾಗಿ ಬೇಕೋ ಆ ಮಗು ಹಾಗೆ ಅನ್ನುವುದೇ ಇಲ್ಲ, ತೊಡಕು ಇರುವುದು ಅಲ್ಲೇ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದವಾಗಿದ್ದರೆ ಮಗು ಓಡುತ್ತದೆ, ಚೆಂಡು ಹಿಡಿಯುತ್ತದೆ, ನೆಲದ ಮೇಲಿನ ಇರುವೆಯನ್ನು ಬೆರಳಿಟ್ಟು ತೋರಿಸುತ್ತದೆ. ಎಲ್ಲವನ್ನೂ ಒಳ್ಳೆಯ ಕಣ್ಣೇ ನಿಭಾಯಿಸುತ್ತಿರುತ್ತದೆ. ಹುಟ್ಟಿದಾಗಿನಿಂದ ಹಾಗೇ ಕಾಣುತ್ತಿರುವುದರಿಂದ ಬೇರೆ ಥರ ಕಾಣಬಹುದು ಎಂಬುದು ಅದಕ್ಕೆ ಗೊತ್ತೇ ಇರುವುದಿಲ್ಲ. ಎರಡೂ ಕಣ್ಣು ಮಂದವಾದ ಮಗು ಎಡವುತ್ತದೆ, ಟೀವಿಗೆ ಅಂಟಿಕೊಂಡು ನಿಲ್ಲುತ್ತದೆ, ಬೇಗ ಸಿಕ್ಕಿಬೀಳುತ್ತದೆ. ಒಂದೇ ಕಣ್ಣಿನ ತೊಂದರೆ ಸಿಕ್ಕಿಬೀಳುವುದಿಲ್ಲ.

ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿ.ಮೀ., ದೊಡ್ಡವರಲ್ಲಿ 23–24. ಗುಡ್ಡೆ ಬೆಳೆಯುತ್ತಿರುವಾಗಲೇ ಮಿದುಳಿನ ಹಿಂಭಾಗ ನೋಡುವುದನ್ನು ಕಲಿಯುತ್ತಿರುತ್ತದೆ. ಎರಡು ಕಣ್ಣಿಂದಲೂ ಸ್ಪಷ್ಟ ಚಿತ್ರ ಬಂದರೆ ಎರಡನ್ನೂ ಕಲಿಯುತ್ತದೆ. ಒಂದರಿಂದ ಮಸುಕು ಚಿತ್ರವೇ ಬರುತ್ತಿದ್ದರೆ ಆ ಕಣ್ಣನ್ನು ಕೈಬಿಡುತ್ತದೆ. ಇದೇ ಮಂದದೃಷ್ಟಿ, ಆಂಬ್ಲಿಯೋಪಿಯಾ, ಆಡುಮಾತಿನಲ್ಲಿ ಸೋಮಾರಿ ಕಣ್ಣು. ಹೆಸರು ಅನ್ಯಾಯದ್ದು, ಸೋಮಾರಿಯಾದದ್ದು ಕಣ್ಣಲ್ಲ. ಕಲಿಕೆಯ ಈ ಕಿಟಕಿ ಏಳೆಂಟು ವರ್ಷದ ಹೊತ್ತಿಗೆ ಬಹುಪಾಲು ಮುಚ್ಚಿಕೊಳ್ಳುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸರಿಯಾದ ಕನ್ನಡಕ ಹಾಕಿದರೂ ಚಾರ್ಟಿನ ಕೆಳಸಾಲು ಕಾಣದಿರುವುದು ಇದಕ್ಕೇ.

ನಾಲ್ಕು ಹಂತ ನೆನಪಿಡಿ. ಹುಟ್ಟಿದ ಮೊದಲ ದಿನಗಳಲ್ಲಿ, ಬೆಳಕು ಬಿಟ್ಟಾಗ ಪಾಪೆಯಿಂದ ಮರಳಿ ಬರುವ ಕೆಂಪು ಹೊಳಪು. ಆರು ತಿಂಗಳೊಳಗೆ ನೋಟ ನೆಟ್ಟು ಹಿಂಬಾಲಿಸುವುದು, ಕಣ್ಣುಗಳ ನೇರ. ಮೂರು ವರ್ಷಕ್ಕೆ ಚಿತ್ರದ ಚಾರ್ಟು, ಒಂದೊಂದೇ ಕಣ್ಣಿಗೆ. ಶಾಲೆ ಸೇರುವ ಮುನ್ನ ಮತ್ತೊಮ್ಮೆ. ಅವಧಿಗೆ ಮುನ್ನ ಹುಟ್ಟಿದವರು, ಡೌನ್ ಸಿಂಡ್ರೋಮ್ ಇರುವವರು, ಬೆಳವಣಿಗೆ ನಿಧಾನವಾದವರು, ಹೆತ್ತವರಲ್ಲೋ ಒಡಹುಟ್ಟಿದವರಲ್ಲೋ ಮೆಳ್ಳಗಣ್ಣು, ದಪ್ಪ ಕನ್ನಡಕ, ಬಾಲ್ಯದ ಪೊರೆ ಇರುವವರು ಈ ಸಾಲಿಗೆ ಸೇರುವುದಿಲ್ಲ. ಅವರನ್ನು ನೇರವಾಗಿ ಮಕ್ಕಳ ಕಣ್ಣಿನ ತಜ್ಞರಿಗೆ ತೋರಿಸಿ.

ರಾತ್ರಿಪಾಳಿ_ದಾದಿ:
ಕೆಂಪು ಹೊಳಪಿನ ಪರೀಕ್ಷೆ ‘ಮಾಡಿದೆ’ ಎಂದು ಗುರುತು ಹಾಕಿ ಮುಂದಕ್ಕೆ ಹೋಗುವುದು ಸುಲಭ, ಸರಿಯಾಗಿ ಮಾಡುವುದಕ್ಕೆ ಎರಡು ನಿಮಿಷ ಬೇಕು. ಕೋಣೆಯ ದೀಪ ಆರಿಸಿ. ಬೆಳಕು ಇದ್ದರೆ ಪಾಪೆ ಕುಗ್ಗಿ ಏನೂ ಕಾಣದು. ಆಫ್ತಾಲ್ಮೋಸ್ಕೋಪ್‌ನ ಲೆನ್ಸನ್ನು ಸೊನ್ನೆಗೆ ಇಟ್ಟು ಮಗುವಿನ ಮುಖದಿಂದ ಸುಮಾರು 45 ಸೆಂ.ಮೀ. ದೂರದಲ್ಲಿ ನಿಲ್ಲಿ, ಬೆಳಕಿನ ವೃತ್ತ ಎರಡು ಕಣ್ಣಿನ ಮೇಲೂ ಒಟ್ಟಿಗೆ ಬೀಳಲಿ. ಒಂದೊಂದನ್ನೇ ನೋಡಿದರೆ ಹೋಲಿಕೆ ತಪ್ಪುತ್ತದೆ. ನೋಡಬೇಕಾದದ್ದು ಮೂರು: ಎರಡೂ ಕಡೆ ಹೊಳಪು ಇದೆಯೇ, ಬಣ್ಣ ಒಂದೇ ಥರ ಇದೆಯೇ, ಒಳಗೆ ಕಪ್ಪು ಚುಕ್ಕೆಯೋ ನೆರಳೋ ಇದೆಯೇ. ಚರ್ಮದ ಬಣ್ಣ ಗಾಢವಾಗಿರುವ ಮಕ್ಕಳಲ್ಲಿ ಹೊಳಪು ಕಡುಗೆಂಪಾಗಿರದೆ ಕಿತ್ತಳೆಯೋ ಬೂದು ಕಿತ್ತಳೆಯೋ ಆಗಿರುತ್ತದೆ. ಅದು ದೋಷವಲ್ಲ, ಎರಡೂ ಒಂದೇ ಥರ ಇದ್ದರೆ ಸರಿ.

ಮಗು ಕಣ್ಣು ಬಿಡದಿದ್ದರೆ ರೆಪ್ಪೆ ಎಳೆಯಬೇಡಿ, ಇನ್ನೂ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ನೆಟ್ಟಗೆ ಎತ್ತಿ ಹಿಡಿದು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ತಾನಾಗಿ ಬಿಡುತ್ತದೆ. ಆಗಲೂ ನೋಡಲಾಗದಿದ್ದರೆ ‘ಸಾಮಾನ್ಯ’ ಎಂದು ಬರೆಯಬೇಡಿ, ‘ನೋಡಲಾಗಲಿಲ್ಲ’ ಎಂದೇ ಬರೆದು ಮಾರನೆಯ ದಿನ ಮತ್ತೆ ನೋಡಿ.

ಗುಬ್ಬಿಮರಿ:
ಫೋಟೊದಲ್ಲಿ ಒಂದು ಕಣ್ಣು ಕೆಂಪಾಗಿ, ಇನ್ನೊಂದು ಬೆಳ್ಳಗೆ ಬಂದರೆ ಕ್ಯಾನ್ಸರೇ ಎಂದು ಎಲ್ಲ ಕಡೆ ಹಂಚಿಕೊಳ್ಳುತ್ತಿದ್ದಾರೆ. ಎಷ್ಟು ನಿಜ?

ಕಣ್ಪಾಪೆ:
ಅರ್ಧ ನಿಜ. ಮಗು ಕ್ಯಾಮೆರಾವನ್ನು ನೇರವಾಗಿ ನೋಡದೆ ಸ್ವಲ್ಪ ಮೂಗಿನ ಕಡೆಗೆ ನೋಡುತ್ತಿದ್ದರೆ ಫ್ಲ್ಯಾಶಿನ ಬೆಳಕು ಕಣ್ಣಿನ ನರದ ಬುಡಕ್ಕೆ ಬಿದ್ದು ಬೆಳ್ಳಗೆ ವಾಪಸ್ ಬರುತ್ತದೆ. ಆ ಬುಡದ ಬಣ್ಣವೇ ತಿಳಿ. ಆದ್ದರಿಂದ ಬೇರೆ ದಿನ, ಬೇರೆ ಕೋನದಿಂದ, ಮಗು ನೇರ ನೋಡುವಾಗ ತೆಗೆದ ಚಿತ್ರಗಳನ್ನು ಹೋಲಿಸಿ. ಆದರೆ ಇದನ್ನು ನೆಪ ಮಾಡಿಕೊಂಡು ಕಾಯಬೇಡಿ. ಬೆಳ್ಳಗಿನ ಪಾಪೆಗೆ ಇರುವ ಕಾರಣಗಳಲ್ಲಿ ಹುಟ್ಟಿನ ಪೊರೆ ಇದೆ, ಅಕ್ಷಿಪಟಲ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪರದೆ) ಕಳಚಿರುವುದು ಇದೆ, ರೆಟಿನೋಬ್ಲಾಸ್ಟೋಮಾ ಎಂಬ ಗಡ್ಡೆಯೂ ಇದೆ. ಗಡ್ಡೆ ಅಪರೂಪ, ಸುಮಾರು 15ರಿಂದ 20 ಸಾವಿರ ಜನನಕ್ಕೆ ಒಂದು, ಹೆಚ್ಚಿನವು ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತವೆ. ಬೇಗ ಸಿಕ್ಕರೆ ಜೀವವೂ ಉಳಿಯುತ್ತದೆ, ಬಹಳ ಸಲ ಕಣ್ಣೂ ಉಳಿಯುತ್ತದೆ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಹಿಂಭಾಗ ಪೂರ್ತಿ ನೋಡುವವರೆಗೆ ಯಾರೂ ‘ಏನಿಲ್ಲ ಬಿಡಿ’ ಎನ್ನಬಾರದು. ಅದು ದಿನಗಳಲ್ಲಿ ಆಗಬೇಕಾದ ಕೆಲಸ, ತಿಂಗಳುಗಳಲ್ಲಿ ಅಲ್ಲ. ಇನ್ನೊಂದು ಮಾತು: ಫೋನಿನ ‘ಕೆಂಪುಗಣ್ಣು ನಿವಾರಣೆ’ ಸೌಲಭ್ಯ ಹೊಳಪನ್ನೇ ಅಳಿಸುತ್ತದೆ, ಅಂಥ ಚಿತ್ರದಿಂದ ಏನೂ ತಿಳಿಯುವುದಿಲ್ಲ.

ಹುಟ್ಟಿನ ಪೊರೆಗೆ ಗಡುವು ಇನ್ನೂ ಬಿಗಿ. ಒಂದೇ ಕಣ್ಣಿಗೆ ದಟ್ಟ ಪೊರೆ ಇದ್ದರೆ ಸುಮಾರು ಆರು ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಎರಡಕ್ಕೂ ಇದ್ದರೆ ಎಂಟರಿಂದ ಹತ್ತು ವಾರದೊಳಗೆ. ‘ಮಗು ದೊಡ್ಡದಾಗಲಿ, ಆಮೇಲೆ ತೆಗೆಸೋಣ’ ಎಂದು ಕಾದರೆ ಮುಂದೆ ಪೊರೆ ತೆಗೆಯಬಹುದು, ನೋಟ ಬಾರದು. ಪೊರೆ ತೆಗೆದಷ್ಟಕ್ಕೇ ಕೆಲಸ ಮುಗಿಯುವುದೂ ಇಲ್ಲ. ಸಹಜ ಮಸೂರ ಹೋದ ಪುಟ್ಟ ಕಣ್ಣಿಗೆ +20ರ ಆಸುಪಾಸಿನ ಕನ್ನಡಕವೋ ಕಾಂಟ್ಯಾಕ್ಟ್ ಲೆನ್ಸೋ ಬೇಕು, ಒಂದೇ ಕಣ್ಣಾದರೆ ಜೊತೆಗೆ ವರ್ಷಗಟ್ಟಲೆ ಪ್ಯಾಚ್, ಅಂದರೆ ಮಂದ ಕಣ್ಣಿಗೆ ಕೆಲಸ ಕೊಡಲು ಒಳ್ಳೆಯ ಕಣ್ಣನ್ನು ಮುಚ್ಚುವ ಅಂಟುಪಟ್ಟಿ.

ರಾತ್ರಿಪಾಳಿ_ದಾದಿ:
ಅವಧಿಗೆ ಮುನ್ನ ಹುಟ್ಟಿದವರದು ಪ್ರತ್ಯೇಕ ಲೆಕ್ಕ. ಅಕ್ಷಿಪಟಲದ ರಕ್ತನಾಳಗಳು ಅಂಚಿನವರೆಗೆ ಬೆಳೆದು ಮುಗಿಯುವುದು ತುಂಬು ತಿಂಗಳ ಹೊತ್ತಿಗೆ. ಮೊದಲೇ ಹುಟ್ಟಿ ಆಮ್ಲಜನಕದ ಏರಿಳಿತಕ್ಕೆ ಸಿಕ್ಕರೆ ಆ ನಾಳಗಳು ದಾರಿ ತಪ್ಪಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಳಚುತ್ತವೆ. ಅವಧಿಗೆ ಮುನ್ನ ಹುಟ್ಟಿದವರ ಈ ಅಕ್ಷಿಪಟಲದ ರೋಗವೇ ಆರ್‌ಓಪಿ. ಯಾರನ್ನು ಪರೀಕ್ಷಿಸಬೇಕು ಎಂಬ ಗಡಿ ದೇಶದಿಂದ ದೇಶಕ್ಕೆ ಬೇರೆ: ಕೆಲವೆಡೆ 30 ವಾರ ಅಥವಾ 1500 ಗ್ರಾಂ, ಕೆಲವೆಡೆ 34 ವಾರ ಅಥವಾ 2000 ಗ್ರಾಂವರೆಗೂ. ಮೊದಲ ಪರೀಕ್ಷೆ ಹೆಚ್ಚಿನವರಿಗೆ ಹುಟ್ಟಿದ ನಾಲ್ಕನೇ ವಾರಕ್ಕೆ.

ತಪ್ಪು ನಡೆಯುವುದು ಇಲ್ಲೇ: ಮಗು ಮೂರನೇ ವಾರಕ್ಕೆ ಮನೆಗೆ ಹೋಗುತ್ತದೆ, ಪರೀಕ್ಷೆಯ ದಿನಾಂಕ ಬಿಡುಗಡೆ ಚೀಟಿಯ ಯಾವುದೋ ಮೂಲೆಯಲ್ಲಿ ಇರುತ್ತದೆ. ಚೀಟಿ ಕೈಗೆ ಬಂದ ತಕ್ಷಣ ‘ಕಣ್ಣಿನ ಪರೀಕ್ಷೆ ಯಾವ ದಿನ, ಎಲ್ಲಿ’ ಎಂದು ಕೇಳಿ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಿ. ಒಂದು ಸಲ ನೋಡಿ ಸರಿ ಇದೆ ಎಂದರೂ ನಾಳಗಳು ಪೂರ್ತಿ ಬೆಳೆಯುವವರೆಗೆ ಒಂದೆರಡು ವಾರಕ್ಕೊಮ್ಮೆ ಹೋಗಬೇಕು. ಚಿಕಿತ್ಸೆ ಬೇಕೆಂದರೆ 48ರಿಂದ 72 ಗಂಟೆಯೊಳಗೆ ಲೇಸರ್ ಅಥವಾ ಚುಚ್ಚುಮದ್ದು. ಹೊರಗಿನಿಂದ ನೋಡಿದರೆ ಕಣ್ಣು ಚಂದವಾಗೇ ಇರುತ್ತದೆ, ಅದನ್ನು ನಂಬಬೇಡಿ.

ಗುಬ್ಬಿಮರಿ:
ಹುಟ್ಟಿದಾಗಿನಿಂದ ಒಂದು ಕಣ್ಣಲ್ಲಿ ನೀರು, ಬೆಳಿಗ್ಗೆ ಗೀಜು ಕಟ್ಟಿ ರೆಪ್ಪೆ ಅಂಟಿಕೊಳ್ಳುವುದು. ಇದಕ್ಕೆ ಉಜ್ಜಿ ಅನ್ನುತ್ತಾರೆ. ಎಲ್ಲಿ, ಹೇಗೆ ಅಂತ ಯಾರೂ ಬಿಡಿಸಿ ಹೇಳಲ್ಲ.

ರಾತ್ರಿಪಾಳಿ_ದಾದಿ:
ಕಣ್ಣೀರು ಮೂಗಿಗೆ ಇಳಿಯುವ ಕೊಳವೆಯ ಕೆಳತುದಿಯಲ್ಲಿ ತೆಳು ಪೊರೆಯೊಂದು ತೆರೆಯದೆ ಉಳಿದಿರುತ್ತದೆ. ಸುಮ್ಮನೆ ಸವರುವುದಲ್ಲ, ಒತ್ತಡ ಕೊಟ್ಟು ಆ ಪೊರೆ ಒಡೆಯುವುದು ಉದ್ದೇಶ. ಉಗುರು ಕತ್ತರಿಸಿ, ಕೈ ತೊಳೆಯಿರಿ. ಕಿರುಬೆರಳಿನ ತುದಿಯನ್ನು ಕಣ್ಣಿನ ಒಳಮೂಲೆ ಮತ್ತು ಮೂಗಿನ ಎಲುಬಿನ ನಡುವೆ ಇಡಿ, ಅಲ್ಲಿ ಹೆಸರುಕಾಳಿನಷ್ಟು ಮೆತ್ತನೆಯ ಜಾಗ ಸಿಗುತ್ತದೆ, ಅದೇ ಕಣ್ಣೀರಿನ ಚೀಲ. ಒಳಕ್ಕೆ, ಎಲುಬಿನ ಕಡೆಗೆ ಒತ್ತಿ, ಒತ್ತಿದ್ದನ್ನು ಬಿಡದೆ ಮೂಗಿನ ಪಕ್ಕದಲ್ಲಿ ಕೆಳಕ್ಕೆ ಜಾರಿಸಿ. ಒಂದು ಸಲಕ್ಕೆ 5ರಿಂದ 10 ಬಾರಿ, ದಿನಕ್ಕೆ ಮೂರ್ನಾಲ್ಕು ಸಲ, ಹಾಲು ಕುಡಿಸುವಾಗ ಮಾಡಿದರೆ ಮರೆಯುವುದಿಲ್ಲ. ಕಣ್ಣುಗುಡ್ಡೆಯ ಮೇಲೆ ಒತ್ತಬಾರದು. ಚರ್ಮದ ಮೇಲೆ ಬೆರಳು ಜಾರುತ್ತಿದೆ, ಕೆಳಗೆ ಏನೂ ಒತ್ತಿಕೊಳ್ಳುತ್ತಿಲ್ಲ ಅಂದರೆ ಅದು ಮಸಾಜ್ ಅಲ್ಲ. ಗೀಜನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒಳಮೂಲೆಯಿಂದ ಹೊರಕ್ಕೆ ಒರೆಸಿ, ಒಂದು ಹತ್ತಿ ಒಂದೇ ಸಲಕ್ಕೆ. ಒಂದು ವರ್ಷ ತುಂಬುವುದರೊಳಗೆ ನೂರರಲ್ಲಿ ತೊಂಬತ್ತು ಮಕ್ಕಳಿಗಾದರೂ ತಾನಾಗಿ ಬಿಡುತ್ತದೆ. ಬಿಡದಿದ್ದರೆ ಸಣ್ಣ ಸಲಾಕೆ ಹಾಕಿ ತೆರೆಯುತ್ತಾರೆ.

ಕಣ್ಪಾಪೆ:
ಇದಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ನೀರಿನ ಜೊತೆಗೆ ಮಗು ಬೆಳಕು ಕಂಡರೆ ಮುಖ ಹುದುಗಿಸಿಕೊಳ್ಳುತ್ತದೆ, ರೆಪ್ಪೆ ಬಿಗಿಯುತ್ತದೆ, ಕರಿಗುಡ್ಡೆ ದೊಡ್ಡದಾಗಿಯೋ ಮಂಜು ಹಿಡಿದಂತೆಯೋ ಕಾಣುತ್ತದೆ ಎಂದರೆ ಕೊಳವೆಯ ತೊಂದರೆ ಅಲ್ಲ, ಹುಟ್ಟಿನ ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರುವ ರೋಗ) ಇರಬಹುದು. ಆಗತಾನೆ ಹುಟ್ಟಿದ ಮಗುವಿನ ಕಾರ್ನಿಯಾದ (ಕರಿಗುಡ್ಡೆಯ ಮುಂದಿನ ಪಾರದರ್ಶಕ ಪರದೆ) ಅಡ್ಡಳತೆ 9.5ರಿಂದ 10.5 ಮಿ.ಮೀ. ಇರುತ್ತದೆ. 11 ದಾಟಿದರೆ ಅನುಮಾನ, ಒಂದು ವರ್ಷದೊಳಗೆ 12 ದಾಟಿದರೆ ಬಲವಾದ ಅನುಮಾನ. ‘ಎಷ್ಟು ದೊಡ್ಡ ಚಂದದ ಕಣ್ಣು’ ಎಂದು ಎಲ್ಲರೂ ಮೆಚ್ಚುತ್ತಿರುವಾಗ ಒಳಗೆ ಒತ್ತಡ ನರವನ್ನು ತಿನ್ನುತ್ತಿರುತ್ತದೆ. ಹುಟ್ಟಿದ ಮೊದಲ ವಾರದಲ್ಲೇ ರೆಪ್ಪೆ ಊದಿ ಕೀವು ಸುರಿಯುತ್ತಿದ್ದರೆ ಅದೂ ಬೇರೆ ಕಥೆ. ಹೆರಿಗೆಯಲ್ಲಿ ತಗಲಿದ ಗೊನೊಕಾಕಸ್ ಸೋಂಕು ಒಂದೆರಡು ದಿನದಲ್ಲಿ ಕಾರ್ನಿಯಾ ತೂತು ಮಾಡಬಲ್ಲದು. ಆಸ್ಪತ್ರೆಗೆ ಆ ಹೊತ್ತೇ ಹೊರಡಬೇಕು.

ಒಂದನೇ_ತರಗತಿ:
ಮೆಳ್ಳಗಣ್ಣು ದೊಡ್ಡವರಾದಂತೆ ಸರಿಹೋಗುತ್ತೆ ಎಂಬ ಮಾತು ಪೋಷಕರಿಂದ ಪದೇ ಪದೇ ಬರುತ್ತದೆ. ಏನು ಉತ್ತರ ಕೊಡುವುದು?

ಪ್ಯಾಚ್_ಪುರಾಣ:
ಮೂರ್ನಾಲ್ಕು ತಿಂಗಳವರೆಗೆ ಆಗೊಮ್ಮೆ ಈಗೊಮ್ಮೆ ಕಣ್ಣು ಓರೆಯಾಗುವುದು ಸಹಜ. ಆಮೇಲೂ ಆಗುತ್ತಿದ್ದರೆ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಸದಾ ಓರೆ ಇದ್ದರೆ, ತಾನಾಗಿ ಸರಿಹೋಗುವುದನ್ನು ಕಾಯಬಾರದು. ಸರಿಹೋಯಿತು ಎಂದು ಜನ ಹೇಳುವುದರಲ್ಲಿ ಬಹಳಷ್ಟು ಮೊದಲಿಂದಲೂ ಮೆಳ್ಳಗಣ್ಣೇ ಅಲ್ಲ. ಮೂಗಿನ ಸೇತುವೆ ಚಪ್ಪಟೆಯಾಗಿ ಅಗಲವಾಗಿದ್ದು, ಒಳಮೂಲೆಯ ಚರ್ಮದ ಮಡಿಕೆ ಬಿಳಿಗುಡ್ಡೆಯನ್ನು ಮುಚ್ಚಿದಾಗ ಕಣ್ಣು ಮೂಗಿನ ಕಡೆ ಹೋದಂತೆ ಕಾಣುತ್ತದೆ. ಮೂಗು ಬೆಳೆದಂತೆ ಆ ಭ್ರಮೆ ಹೋಗುತ್ತದೆ.

ಎರಡನ್ನೂ ಬೇರೆ ಮಾಡುವುದು ಸುಲಭ. ಒಂದು ಮೊಳ ದೂರದಿಂದ ಸಣ್ಣ ಟಾರ್ಚು ಹಿಡಿದು, ಮಗು ಅದನ್ನೇ ನೋಡುವಾಗ ಎರಡೂ ಪಾಪೆಯೊಳಗಿನ ಬೆಳಕಿನ ಚುಕ್ಕಿ ಗಮನಿಸಿ. ಎರಡೂ ಕಡೆ ಒಂದೇ ಜಾಗದಲ್ಲಿ, ಪಾಪೆಯ ನಡುವೆ ಇದ್ದರೆ ನೇರ. ಒಂದರಲ್ಲಿ ನಡುವೆ, ಇನ್ನೊಂದರಲ್ಲಿ ಕಿವಿಯ ಕಡೆಗೆ ಸರಿದಿದ್ದರೆ ಆ ಕಣ್ಣು ಒಳಕ್ಕೆ ತಿರುಗಿದೆ. ಚುಕ್ಕಿ 1 ಮಿ.ಮೀ. ಸರಿದರೆ ಸುಮಾರು 7 ಡಿಗ್ರಿ ಓರೆ. ಸಣ್ಣ ಓರೆ ಇದರಲ್ಲಿ ತಪ್ಪಿಸಿಕೊಳ್ಳುತ್ತದೆ, ಅದಕ್ಕೆ ಕಣ್ಣು ಮುಚ್ಚಿ ತೆರೆದು ನೋಡುವ ಪರೀಕ್ಷೆ ಬೇಕು.

ಎರಡು ಮೂರು ವರ್ಷಕ್ಕೆ ಹೊಸದಾಗಿ, ಹತ್ತಿರದ ವಸ್ತು ನೋಡುವಾಗ ಒಳಕ್ಕೆ ತಿರುಗಲು ಶುರುವಾದರೆ ಹೆಚ್ಚಾಗಿ ಪ್ಲಸ್ ನಂಬರಿನ (ದೂರದೃಷ್ಟಿಯ) ಕಿತಾಪತಿ. ಅಂಥ ಮಗುವಿಗೆ ಪೂರ್ತಿ ಪ್ಲಸ್ ಕನ್ನಡಕವೇ ಚಿಕಿತ್ಸೆ. ಕನ್ನಡಕ ಹಾಕಿದಾಗ ನೇರ, ತೆಗೆದಾಗ ಓರೆ ಎಂದು ಕಂಡು ‘ಕನ್ನಡಕದಿಂದಲೇ ಮೆಳ್ಳಗಣ್ಣು ಬಂತು’ ಎಂದು ಕಿತ್ತಿಡುವವರಿದ್ದಾರೆ. ಉಲ್ಟಾ, ಕೆಲಸ ಮಾಡುತ್ತಿರುವುದರ ಗುರುತು ಅದು. ಬಿಸಿಲಿಗೆ ಬಂದ ಕೂಡಲೇ ಒಂದೇ ಕಣ್ಣು ಮುಚ್ಚಿಕೊಳ್ಳುವ ಮಗುವನ್ನೂ ತೋರಿಸಿ, ಆಗಾಗ ಹೊರಕ್ಕೆ ಜಾರುವ ಕಣ್ಣಿನ ಲಕ್ಷಣ ಅದು.

ಒಂದನೇ_ತರಗತಿ:
ಶಾಲೆಯ ಚಾರ್ಟ್ ಪರೀಕ್ಷೆಯಲ್ಲಿ ಎಡವಟ್ಟಾಗುವ ಜಾಗಗಳನ್ನು ಹೇಳುತ್ತೇನೆ, ತರಗತಿಯಲ್ಲಿ ಮಾಡುವವರಿಗೆ ಉಪಯೋಗ. ಚಾರ್ಟಿನ ಮೇಲೆ ಯಾವ ದೂರಕ್ಕೆ ಎಂದು ಬರೆದಿದೆಯೋ ಅಷ್ಟೇ ದೂರ ಅಳತೆ ಪಟ್ಟಿಯಿಂದ ಅಳೆದು ನೆಲಕ್ಕೆ ಗೆರೆ ಹಾಕಿ. 6/24 ಎಂದರೆ ಸಾಮಾನ್ಯ ಕಣ್ಣು 24 ಮೀಟರಿನಿಂದ ಓದುವ ಸಾಲನ್ನು ಈ ಕಣ್ಣು 6 ಮೀಟರಿನಿಂದಷ್ಟೇ ಓದುತ್ತದೆ. 6 ಮೀಟರಿನ ಚಾರ್ಟನ್ನು ಕೋಣೆ ಸಾಲದೆಂದು 3 ಮೀಟರಿಗೆ ತೂಗುಹಾಕಿದರೆ 6/24 ಕಣ್ಣು 6/12 ಎಂದು ದಾಟಿಹೋಗುತ್ತದೆ.

ಕಣ್ಣನ್ನು ಮಗುವಿನ ಕೈಯಿಂದ ಮುಚ್ಚಿಸಬೇಡಿ. ಬೆರಳ ಸಂದಿಯಿಂದ ಇಣುಕುತ್ತದೆ, ಇಲ್ಲವೆ ಗುಡ್ಡೆ ಒತ್ತಿಕೊಂಡು ಮುಂದಿನ ಸರದಿಗೆ ಅದೇ ಕಣ್ಣು ಮಸುಕಾಗಿರುತ್ತದೆ. ಅಂಟುವ ಪ್ಯಾಚೇ ಸರಿ. ಎರಡನೇ ಕಣ್ಣಿಗೆ ಸಾಲನ್ನು ಬಲದಿಂದ ಎಡಕ್ಕೆ ಓದಿಸಿ, ಅಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ. ಸಾಲಿನಲ್ಲಿ ನಿಂತ ಉಳಿದ ಮಕ್ಕಳಿಗೂ ಆಗಿರುತ್ತದೆ, ಅವರನ್ನು ಹೊರಗೆ ನಿಲ್ಲಿಸಿ. ಅಕ್ಷರ ಬಾರದ ಮೂರು ವರ್ಷದವರಿಗೆ ಮನೆ, ಸೇಬು, ವೃತ್ತ, ಚೌಕದ ಚಿತ್ರಗಳಿರುವ ಚಾರ್ಟು, ಕೈಯಲ್ಲಿ ಅದೇ ಚಿತ್ರಗಳ ಕಾರ್ಡು. ಬಾಯಲ್ಲಿ ಹೇಳಬೇಕಿಲ್ಲ, ಮುಟ್ಟಿ ತೋರಿಸಿದರೆ ಸಾಕು. ಮನೆಯನ್ನು ‘ಬಾಣ’ ಅಂದರೂ ಸರಿಯೇ, ಪ್ರತಿ ಸಲ ಬಾಣ ಅಂದರೆ ಆಯಿತು.

ಯಾವ ಸಾಲು ಓದದಿದ್ದರೆ ಕಳಿಸಬೇಕು: ಮೂರು ವರ್ಷದವರು 6/15, ನಾಲ್ಕರವರು 6/12, ಐದು ದಾಟಿದವರು ಸುಮಾರು 6/9. ಇದಕ್ಕಿಂತ ಮುಖ್ಯ, ಎರಡು ಕಣ್ಣುಗಳ ನಡುವೆ ಎರಡು ಸಾಲಿನ ವ್ಯತ್ಯಾಸ. ಒಂದು 6/6, ಇನ್ನೊಂದು 6/12 ಎಂದರೆ ‘ಪರವಾಗಿಲ್ಲ’ ಅಲ್ಲ.

ರೆಟಿನೋಸ್ಕೋಪ್:
ಒಂದೊಂದೇ ಬಿಡಿ ಅಕ್ಷರ ತೋರಿಸುವುದೂ ತಪ್ಪೇ. ಮಂದದೃಷ್ಟಿಯ ಕಣ್ಣು ಒಂಟಿ ಅಕ್ಷರವನ್ನು ಚೆನ್ನಾಗಿ ಗುರುತಿಸುತ್ತದೆ, ಪಕ್ಕಪಕ್ಕ ಅಕ್ಷರಗಳಿದ್ದರೆ ಗಲಿಬಿಲಿಯಾಗುತ್ತದೆ. ಇಡೀ ಸಾಲು ತೋರಿಸಿ, ಅಥವಾ ಸುತ್ತ ಚೌಕಟ್ಟಿನ ಗೆರೆ ಇರುವ ಅಕ್ಷರ.

ಚಾರ್ಟಿನಲ್ಲಿ ಫೇಲಾದ ಮೇಲಿನದು ನನ್ನ ವಿಭಾಗ. ಮಕ್ಕಳಿಗೆ ಡ್ರಾಪ್ಸ್ ಹಾಕದೆ ನಂಬರು ಅಳೆಯುವ ಯಂತ್ರದ ಚೀಟಿಯಿಂದ ಕನ್ನಡಕ ಬರೆಯುವುದು ಜಗತ್ತಿನಲ್ಲೆಲ್ಲ ನಡೆಯುವ ತಪ್ಪು. ಪುಟ್ಟ ಮಗುವಿನ ಕಣ್ಣಿನ ಮಸೂರ ಮೇಣದಷ್ಟು ಮೆದು, ಹತ್ತು ಹನ್ನೆರಡು ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ಲೀಲಾಜಾಲವಾಗಿ ಉಬ್ಬುತ್ತದೆ. ಯಂತ್ರದೊಳಗಿನ ಚಿತ್ರ ನೋಡುವಾಗಲೂ ಉಬ್ಬಿಸುತ್ತದೆ. ಹಾಗಾಗಿ +4 ಇರುವ ಮಗುವಿಗೆ ಚೀಟಿಯಲ್ಲಿ ಸೊನ್ನೆ, ಕೆಲವೊಮ್ಮೆ ಮೈನಸ್ಸೇ ಬರುತ್ತದೆ. ಡ್ರಾಪ್ಸ್ ಈ ಉಬ್ಬುವಿಕೆಯನ್ನು ಕೆಲಹೊತ್ತು ತಡೆಯುತ್ತದೆ.

ಇದರ ಒಳಮರ್ಮ ಒಂದು ಉದಾಹರಣೆಯಿಂದ ಸ್ಪಷ್ಟ. ಬಲಗಣ್ಣು +1.00, ಎಡಗಣ್ಣು +4.50 ಎಂದಿಟ್ಟುಕೊಳ್ಳಿ. ಎರಡೂ ಮಸೂರಗಳಿಗೆ ಮಿದುಳಿನಿಂದ ಬರುವ ಆಜ್ಞೆ ಒಂದೇ, ಬೇರೆ ಬೇರೆ ಉಬ್ಬಲು ಆಗದು. ಮಗು ಬಲಗಣ್ಣಿಗೆ ಬೇಕಾದ 1 ಡಯಾಪ್ಟರ್ ಉಬ್ಬಿಸಿ ಸುಮ್ಮನಾಗುತ್ತದೆ, ಎಡಗಣ್ಣಿಗೆ 3.50 ಬಾಕಿ ಉಳಿಯುತ್ತದೆ. ದೂರದ್ದಾಗಲಿ ಹತ್ತಿರದ್ದಾಗಲಿ, ಆ ಕಣ್ಣಿಗೆ ಒಂದು ದಿನವೂ ಸ್ಪಷ್ಟ ಚಿತ್ರ ಸಿಕ್ಕಿರುವುದಿಲ್ಲ. ಹೊರಗೆ ಓರೆ ಇಲ್ಲ, ನೀರಿಲ್ಲ, ನೋವಿಲ್ಲ. ಪ್ಲಸ್ ನಂಬರಿನ ವ್ಯತ್ಯಾಸ ಇಷ್ಟು ಅಪಾಯಕಾರಿ ಆಗುವುದು ಹೀಗೆ. ಅದೇ ಒಂದು ಕಣ್ಣು −2 ಇದ್ದರೆ ಅದಕ್ಕೆ ಹತ್ತಿರದ್ದಾದರೂ ಸ್ಪಷ್ಟವಾಗಿ ಸಿಗುತ್ತಿರುತ್ತದೆ.

ಗುಬ್ಬಿಮರಿ:
ಆ ಡ್ರಾಪ್ಸಿಂದ ಮಗುವಿಗೆ ಜ್ವರ ಬರುತ್ತೆ, ಎರಡು ವಾರ ಓದಲಾಗಲ್ಲ ಅಂತ ಬೇಡ ಅನ್ನುವವರೇ ಜಾಸ್ತಿ.

ರೆಟಿನೋಸ್ಕೋಪ್:
ಯಾವ ಡ್ರಾಪ್ಸ್ ಎಂಬುದರ ಮೇಲೆ ಹೋಗುತ್ತದೆ. ಸೈಕ್ಲೋಪೆಂಟೊಲೇಟ್ 1% (ವರ್ಷದೊಳಗಿನವರಿಗೆ 0.5%) ಒಂದು ಹನಿ, ಐದು ಹತ್ತು ನಿಮಿಷ ಬಿಟ್ಟು ಇನ್ನೊಂದು, ಮುಕ್ಕಾಲು ಗಂಟೆಯ ಹೊತ್ತಿಗೆ ಪರೀಕ್ಷೆ, ಮಾರನೇ ದಿನಕ್ಕೆ ಬಹುಪಾಲು ಇಳಿದಿರುತ್ತದೆ. ಅಟ್ರೋಪಿನ್ 1% ಮುಲಾಮನ್ನು ಮೂರು ದಿನ ಮನೆಯಲ್ಲೇ ಹಾಕಿಸಿ ಕರೆಸುವುದೂ ಉಂಟು, ಅದರ ಪರಿಣಾಮ ಒಂದೆರಡು ವಾರ ಇರುತ್ತದೆ. ಎರಡು ವಾರದ ಮಾತು ಬಂದದ್ದು ಇಲ್ಲಿಂದ. ಹನಿ ಹಾಕಿದ ಮೇಲೆ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಿಂದ ಒತ್ತಿ ಹಿಡಿದರೆ ಔಷಧ ಮೂಗಿನ ಮೂಲಕ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಮುಖ ಕೆಂಪಾಗುವುದು, ಮೈ ಬಿಸಿ, ಬಾಯಿ ಒಣಗುವುದು ಕಂಡರೆ ಮುಂದಿನ ಹನಿ ನಿಲ್ಲಿಸಿ ವೈದ್ಯರಿಗೆ ಹೇಳಿ. ಫಿಟ್ಸ್ ಅಥವಾ ಹೃದಯದ ತೊಂದರೆ ಇದ್ದರೆ ಹನಿ ಹಾಕುವ ಮುಂಚೆಯೇ ತಿಳಿಸಿ. ಉರಿ ಅರ್ಧ ನಿಮಿಷದ್ದು. ಡ್ರಾಪ್ಸಿಲ್ಲದೆ ಬರೆದ ತಪ್ಪು ನಂಬರು ವರ್ಷಪೂರ್ತಿಯದ್ದು.

ಮಸೂರ_ಮತ್ತು_ಮೂಗು:
ಬರೆದುಕೊಟ್ಟ ನಂಬರು ಸರಿಯಿದ್ದೂ ಕನ್ನಡಕ ಹಾಳಾಗುವುದು ಅದನ್ನು ಮಾಡಿಕೊಡುವ ನಮ್ಮ ಕೈಯಲ್ಲಿ, ಅದನ್ನು ಒಪ್ಪಿಕೊಳ್ಳಬೇಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ದೊಡ್ಡ ಫ್ರೇಮು ಕೊಡಬಾರದು, ಇದು ಚಪ್ಪಲಿಯಲ್ಲ. ಪಾಪೆ ಫ್ರೇಮಿನ ನಡುವೆ ಬರಬೇಕು. ಮಸೂರದ ಕೇಂದ್ರ ಪಾಪೆಯಿಂದ 5 ಮಿ.ಮೀ. ಸರಿದರೆ +6 ಮಸೂರ ಮೀಟರಿಗೆ 3 ಸೆಂ.ಮೀ., ಅಂದರೆ 3 ಪ್ರಿಸಂ ಡಯಾಪ್ಟರ್‌ನಷ್ಟು ಚಿತ್ರವನ್ನು ಎಳೆಯುತ್ತದೆ, ಓರೆ ಇರುವ ಮಗುವಿಗೆ ಅದೇ ಇನ್ನೊಂದು ತೊಂದರೆ. ಚಪ್ಪಟೆ ಮೂಗಿಗೆ ದೊಡ್ಡವರ ಸೇತುವೆ ಕೂರುವುದಿಲ್ಲ, ಸಿಲಿಕೋನ್ ಪಟ್ಟಿಯೋ ಅಗಲ ಸೇತುವೆಯೋ ಬೇಕು. ಕಡ್ಡಿಯ ಬಾಗು ಕಿವಿ ಮುಗಿದಲ್ಲೇ ಶುರುವಾಗಬೇಕು, ಪುಟ್ಟವರಿಗೆ ತಲೆಯ ಹಿಂದಿನಿಂದ ಇಲಾಸ್ಟಿಕ್ ಪಟ್ಟಿ.

ಪರೀಕ್ಷಿಸಲು ಒಂದೇ ನೋಟ ಸಾಕು: ಮಗು ನೆಲದ ಆಟಿಕೆಯಿಂದ ತಲೆ ಎತ್ತಿ ನಿಮ್ಮ ಮುಖ ನೋಡಲಿ. ಫ್ರೇಮಿನ ಮೇಲಂಚಿನ ಮೇಲಿಂದ ಕಣ್ಣು ಹಾಯಿಸಿತೋ, ಕನ್ನಡಕ ಮೂಗಿನ ತುದಿಗೆ ಜಾರಿದೆ, ಮಗು ದಿನವಿಡೀ ಕನ್ನಡಕ ‘ಹಾಕಿಕೊಂಡು’ ಅದರಾಚೆಯೇ ನೋಡುತ್ತಿದೆ.

ಮಸೂರ ಪಾಲಿಕಾರ್ಬೊನೇಟ್ ಇರಲಿ. ಗಾಜು ಬೇಡವೇ ಬೇಡ. ಒಂದೇ ಒಳ್ಳೆಯ ಕಣ್ಣಿರುವ ಮಗುವಿಗೆ ನಂಬರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಹಾಕಿಸಿ, ಆ ಕಣ್ಣಿಗೆ ಪೆಟ್ಟು ಬಿದ್ದರೆ ಬದಲಿಗೆ ಇನ್ನೊಂದಿಲ್ಲ. ಗೀರು ಬೇಗ ಬೀಳುವುದು ಇದರ ದೋಷ: ಒಣ ಬಟ್ಟೆಯಲ್ಲಿ ಉಜ್ಜದೆ ಮೊದಲು ನೀರಲ್ಲಿ ತೊಳೆಯಿರಿ. ಕನ್ನಡಕ ಹಾಕಿದಷ್ಟೂ ನಂಬರು ಏರುತ್ತದೆ ಎಂಬ ಪುಕಾರಿಗೆ ಉತ್ತರ ಕೊಟ್ಟು ಬಾಯಿ ನೋಯುತ್ತದೆ. ಏರುವುದು ಕಣ್ಣು ಬೆಳೆಯುವುದರಿಂದ.

ಪ್ಯಾಚ್_ಪುರಾಣ:
ಕನ್ನಡಕವೇ ಮೊದಲ ಚಿಕಿತ್ಸೆ. ಸರಿಯಾದ ಕನ್ನಡಕ ಹಾಕಿದ ಮೇಲೆ ಮಂದ ಕಣ್ಣು 16–18 ವಾರದವರೆಗೂ ತಾನೇ ಸುಧಾರಿಸುತ್ತ ಹೋಗಬಹುದು, ಕೆಲವರಿಗೆ ಪ್ಯಾಚ್ ಬೇಕಾಗುವುದೇ ಇಲ್ಲ. ಸುಧಾರಣೆ ನಿಂತ ಮೇಲೆ ಪ್ಯಾಚ್.

ಎಷ್ಟು ಗಂಟೆ ಎಂಬ ಜಗಳಕ್ಕೆ 2003ರಲ್ಲಿ ಪ್ರಕಟವಾದ, ಪೀಡಿಗ್ ಎಂಬ ಮಕ್ಕಳ ಕಣ್ಣಿನ ಸಂಶೋಧಕರ ಬಳಗದ ಪ್ರಯೋಗಗಳು ಬಹುಮಟ್ಟಿಗೆ ತೆರೆ ಎಳೆದವು. ಏಳು ವರ್ಷದೊಳಗಿನವರಲ್ಲಿ, 6/12ರಿಂದ 6/24ರ ಮಧ್ಯಮ ಮಂದದೃಷ್ಟಿಗೆ ದಿನಕ್ಕೆ 2 ಗಂಟೆ 6 ಗಂಟೆಯಷ್ಟೇ ಕೆಲಸ ಮಾಡಿತು. 6/30ರಿಂದ 6/120ರ ತೀವ್ರ ಮಂದದೃಷ್ಟಿಗೆ 6 ಗಂಟೆ ದಿನಪೂರ್ತಿಯಷ್ಟೇ. ಬರೆದುಕೊಟ್ಟ ಗಂಟೆ ಒಂದು, ನಿಜವಾಗಿ ಹಾಕುವುದು ಅದರ ಅರ್ಧ. ಕಟ್ಟಿದ ಗಂಟೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ವೈದ್ಯರಿಗೆ ಅದನ್ನೇ ತೋರಿಸಿ. ‘ಹಾಕ್ತಾ ಇದೀವಿ’ ಎಂದರೆ ಪ್ಯಾಚ್ ಫಲಿಸುತ್ತಿಲ್ಲ ಎಂದುಕೊಂಡು ಗಂಟೆ ಏರಿಸುತ್ತಾರೆ.

ಪ್ಯಾಚ್ ಚರ್ಮಕ್ಕೆ ಅಂಟಬೇಕು, ಕನ್ನಡಕ ಅದರ ಮೇಲೆ. ಕನ್ನಡಕದ ಮಸೂರಕ್ಕೆ ಬಟ್ಟೆ ಸಿಕ್ಕಿಸಿದರೆ ಪಕ್ಕದಿಂದ ಇಣುಕುತ್ತದೆ. ಮೂಗಿನ ಕಡೆಯ ಅಂಚನ್ನು ಮೊದಲು ಒತ್ತಿ, ಇಣುಕುವುದು ಅಲ್ಲಿಂದಲೇ. ಮೊದಲ ದಿನವೇ 2 ಗಂಟೆ ಹಟ ಬೇಡ. ತೀವ್ರ ಮಂದದೃಷ್ಟಿಯ ಮಗುವಿಗೆ ಪ್ಯಾಚ್ ಹಾಕಿದ ಕ್ಷಣ ಲೋಕವೇ ಮಸುಕಾಗುತ್ತದೆ, ಕಿತ್ತೆಸೆಯುವುದು ತುಂಟತನವಲ್ಲ. ಹತ್ತು ನಿಮಿಷದಿಂದ ಶುರುಮಾಡಿ, ಮೆಟ್ಟಿಲು, ರಸ್ತೆಯ ಹತ್ತಿರ ಬಿಡದೆ ಪಕ್ಕದಲ್ಲೇ ಕೂತು ಬಣ್ಣ ಹಚ್ಚುವುದು, ಮಣಿ ಪೋಣಿಸುವುದು, ಮಗುವಿಗೆ ಇಷ್ಟದ ವಿಡಿಯೊ ಆದರೂ ಸರಿ. ಗಂಟೆ ತುಂಬುವುದು ಮುಖ್ಯ.

ಪ್ಯಾಚ್ ಸಾಧ್ಯವೇ ಇಲ್ಲವೆಂದರೆ ಒಳ್ಳೆಯ ಕಣ್ಣನ್ನು ಮಸುಕು ಮಾಡಲು ಅದಕ್ಕೆ ಅಟ್ರೋಪಿನ್ 1% ಹನಿ. ಮಧ್ಯಮ ಮಂದದೃಷ್ಟಿಗೆ ಶನಿವಾರ ಭಾನುವಾರ ಮಾತ್ರ ಹಾಕಿದರೂ ದಿನಾ ಹಾಕಿದಷ್ಟೇ ಫಲ. ಬಿಸಿಲಿಗೆ ಟೊಪ್ಪಿ ಹಾಕಿಸಿ. ಬಾಟಲಿ ಕಪಾಟಿನ ಮೇಲಿರಲಿ, ಕುಡಿದರೆ ವಿಷ.

ಕೇಳದೆ ಗಂಟೆ ಏರಿಸಬೇಡಿ, ಭೇಟಿ ತಪ್ಪಿಸಬೇಡಿ: ಅತಿಯಾಗಿ ಮುಚ್ಚಿದರೆ ಒಳ್ಳೆಯ ಕಣ್ಣೇ ಮಂದವಾಗಬಹುದು. ದಿನದ ಹೆಚ್ಚು ಹೊತ್ತು ಪ್ಯಾಚ್ ಇದ್ದರೆ ವಯಸ್ಸು ಎಷ್ಟು ವರ್ಷವೋ ಅಷ್ಟು ವಾರದೊಳಗೆ ಮರುಪರೀಕ್ಷೆ ಎಂಬುದು ಹಳೆಯ ಲೆಕ್ಕ, ಈಗಲೂ ಒಳ್ಳೆಯ ಲೆಕ್ಕ.

ಒಂದನೇ_ತರಗತಿ:
ಒಂಬತ್ತು ವರ್ಷಕ್ಕೆ ಗೊತ್ತಾದರೆ ಕೈಬಿಟ್ಟ ಹಾಗೇನಾ? ಕೆಲವರು ‘ಇನ್ನು ಪ್ರಯೋಜನವಿಲ್ಲ’ ಅಂದುಬಿಡುತ್ತಾರೆ.

ಪ್ಯಾಚ್_ಪುರಾಣ:
ಹಾಗೆ ಹೇಳುವುದು ತಪ್ಪು. 7ರಿಂದ 12 ವರ್ಷದವರಲ್ಲಿ ಕನ್ನಡಕದ ಜೊತೆ ಪ್ಯಾಚ್, ಅಟ್ರೋಪಿನ್ ಕೊಟ್ಟಾಗ ಸುಮಾರು ಅರ್ಧದಷ್ಟು ಮಕ್ಕಳು ಎರಡು ಸಾಲು ಸುಧಾರಿಸಿದರು, ಬರೀ ಕನ್ನಡಕದಲ್ಲಿ ಕಾಲು ಭಾಗ. ಹದಿಮೂರು ದಾಟಿದವರಲ್ಲಿ ಮೊದಲು ಚಿಕಿತ್ಸೆಯನ್ನೇ ಪಡೆಯದವರಿಗೆ ಇನ್ನೂ ಸ್ವಲ್ಪ ಆಸೆ ಇದೆ. ಆದರೆ ನಾಲ್ಕು ವರ್ಷದ ಮಗು 2 ಗಂಟೆಯಲ್ಲಿ ಗಳಿಸುವುದನ್ನು ಹತ್ತರ ಮಗು ಹೆಚ್ಚು ಗಂಟೆ, ಹೆಚ್ಚು ತಿಂಗಳು ಹಾಕಿ ಭಾಗಶಃ ಗಳಿಸುತ್ತದೆ.

ಕಣ್ಪಾಪೆ:
ನಾನಾದರೆ ಇಷ್ಟು ಆಶಾವಾದ ಬೇಡ ಅನ್ನುತ್ತೇನೆ. ನಂಬರಿನ ವ್ಯತ್ಯಾಸದಿಂದ ಬಂದ ಮಂದದೃಷ್ಟಿಗೆ ನಿಮ್ಮ ಮಾತು ಸರಿ. ಹುಟ್ಟಿನ ಪೊರೆಯಿಂದಲೋ ಪಾಪೆ ಮುಚ್ಚುವಷ್ಟು ಜೋತುಬಿದ್ದ ರೆಪ್ಪೆಯಿಂದಲೋ ಬಂದದ್ದಕ್ಕೆ ಒಂಬತ್ತನೇ ವರ್ಷದಲ್ಲಿ ಹೆಚ್ಚೇನೂ ಸಿಗದು. ಕಾರಣ ಯಾವುದೆಂದು ತಿಳಿದ ಮೇಲೆ ಪೋಷಕರಿಗೆ ಆಸೆ ಕೊಡಿ.

ಪ್ಯಾಚ್_ಪುರಾಣ:
ಒಪ್ಪಿದೆ.

ಗುಬ್ಬಿಮರಿ:
ಮೈನಸ್ ನಂಬರ್ ಬಗ್ಗೆ ಯಾರೂ ಹೇಳಲಿಲ್ಲ. ಫೋನು ಕಿತ್ತುಕೊಂಡರೆ ನಿಲ್ಲುತ್ತಾ?

ರೆಟಿನೋಸ್ಕೋಪ್:
ಫೋನು ಕಿತ್ತು ಕೋಣೆಯಲ್ಲೇ ಪುಸ್ತಕ ಹಿಡಿಸಿದರೆ ಹೆಚ್ಚೇನೂ ಬದಲಾಗದು. ಬೇಕಿರುವುದು ಹೊರಗಿನ ಬೆಳಕು. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿಯವರಿಗೆ ಶಾಲೆಯಲ್ಲೇ ದಿನಾ 40 ನಿಮಿಷ ಹೆಚ್ಚುವರಿ ಹೊರಾಂಗಣ ಸಮಯ ಕೊಟ್ಟು ಮೂರು ವರ್ಷ ನೋಡಿದರು: ಹೊಸದಾಗಿ ಮೈನಸ್ ಬಂದವರು 30.4%, ಎಂದಿನಂತೆ ಇದ್ದವರಲ್ಲಿ 39.5%. 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಗಂಟೆ ಹೊರಗೆ ಎಂಬ ಸಲಹೆ ಇಂಥ ಅಧ್ಯಯನಗಳಿಂದ ಬಂದದ್ದು. ನೆರಳಲ್ಲಿ ಆಡಿದರೂ ಆದೀತು, ಮರದ ನೆರಳೂ ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಬೆಳಕು. ಓದುವಾಗ 30 ಸೆಂ.ಮೀ.ಗಿಂತ ಹತ್ತಿರ ಬೇಡ.

ಬಂದ ಮೇಲೆ ಕಡಿಮೆ ನಂಬರಿನ ಕನ್ನಡಕ ಕೊಟ್ಟು ‘ಏರದಂತೆ’ ಮಾಡುವುದು ನಿಷ್ಪ್ರಯೋಜಕ. ನಿಧಾನಿಸಲು 0.01ರಿಂದ 0.05% ಅಟ್ರೋಪಿನ್ ಹನಿ ಇದೆ, ಹಾಂಗ್‌ಕಾಂಗ್‌ನ ಲ್ಯಾಂಪ್ ಅಧ್ಯಯನದಲ್ಲಿ 0.05% ಹೆಚ್ಚು ಫಲ ಕೊಟ್ಟಿತು. ಅಂಚಿನಲ್ಲಿ ಬೇರೆ ಪವರ್ ಇರುವ ವಿಶೇಷ ಮಸೂರಗಳೂ ಇವೆ. ಮಂದದೃಷ್ಟಿಗೆ ಹಾಕುವ 1% ಬಾಟಲಿ ಬೇರೆ, ಇದು ಬೇರೆ. ಎರಡರ ಹೆಸರೂ ಒಂದೇ ಆದ್ದರಿಂದ ಅಂಗಡಿಯಲ್ಲಿ ಶೇಕಡಾವಾರು ಓದಿ ತೆಗೆದುಕೊಳ್ಳಿ.

ರಾತ್ರಿಪಾಳಿ_ದಾದಿ:
ವಿಟಮಿನ್ ಎ ಮರೆಯಬೇಡಿ. ಮುಸ್ಸಂಜೆಯಲ್ಲಿ ಮಗು ಆಟ ಬಿಟ್ಟು ಒಂದೇ ಕಡೆ ಕೂತುಬಿಡುವುದು, ಪರಿಚಿತ ಅಂಗಳದಲ್ಲೇ ಎಡವುವುದು ಇರುಳುಗಣ್ಣಿನ ಮೊದಲ ಗುರುತು. ಆಮೇಲೆ ಬಿಳಿಗುಡ್ಡೆಯ ಕಿವಿಯ ಕಡೆಗೆ ನೊರೆಯಂಥ ಬೂದು ಚುಕ್ಕೆ. ಕೊರತೆ ಹೆಚ್ಚಿರುವ ಕಡೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ: 6ರಿಂದ 11 ತಿಂಗಳಿಗೆ 1 ಲಕ್ಷ ಐಯು ಒಂದು ಸಲ, 1ರಿಂದ 5 ವರ್ಷದವರೆಗೆ 4–6 ತಿಂಗಳಿಗೊಮ್ಮೆ 2 ಲಕ್ಷ. ಕೊಟ್ಟ ದಿನಾಂಕ ಲಸಿಕೆ ಕಾರ್ಡಿನಲ್ಲಿರಲಿ, ಎರಡು ಕಡೆಯಿಂದ ದುಪ್ಪಟ್ಟು ಆಗಬಾರದು. ದಡಾರ ಬಂದ ಮಗುವಿಗೆ ಪ್ರತ್ಯೇಕ ಡೋಸ್ ಇದೆ, ದಡಾರದಲ್ಲಿ ಇರುವ ದಾಸ್ತಾನೂ ಖಾಲಿಯಾಗಿ ಕಾರ್ನಿಯಾ ಕರಗುವಷ್ಟು ಬೇಗ ಕೆಡುತ್ತದೆ.

ಗುಬ್ಬಿಮರಿ:
ಕೊನೆಯದೊಂದು. ಪ್ಯಾಚ್ ಕೀಳುವಾಗ ಚರ್ಮ ಕೆಂಪಾಗಿ ಸುಲಿಯುತ್ತೆ, ಮಗು ಅದಕ್ಕೇ ಹೆದರುತ್ತೆ. ಏನು ಮಾಡಬಹುದು?

ಪ್ಯಾಚ್_ಪುರಾಣ:
ಹಾಕುವ ಮುಂಚೆ ಪ್ಯಾಚನ್ನು ಬಟ್ಟೆಗೆ ಒಂದೆರಡು ಸಲ ಅಂಟಿಸಿ ಕಿತ್ತು ಅಂಟಿನ ಬಿಗಿ ತಗ್ಗಿಸಿ. ಒಂದು ದಿನ ಅಗಲದ ಕಡೆ ಮೂಗಿಗೆ, ಮಾರನೆಯ ದಿನ ಕಿವಿಯ ಕಡೆಗೆ, ಹೀಗೆ ತಿರುಗಿಸಿ ಹಾಕಿದರೆ ಅಂಟು ಅದೇ ಜಾಗಕ್ಕೆ ಬೀಳುವುದಿಲ್ಲ. ತೆಗೆಯುವಾಗ ಉಗುರುಬೆಚ್ಚನೆ ನೀರಿನ ಬಟ್ಟೆಯನ್ನು ಎರಡು ನಿಮಿಷ ಇಟ್ಟು ಕಿವಿಯ ಕಡೆಯಿಂದ ಮೂಗಿನ ಕಡೆಗೆ, ಚರ್ಮವನ್ನು ಇನ್ನೊಂದು ಬೆರಳಿಂದ ಹಿಡಿದುಕೊಂಡು ನಿಧಾನಕ್ಕೆ ಸುಲಿಯಿರಿ. ರಾತ್ರಿ ಆ ಜಾಗಕ್ಕೆ ವ್ಯಾಸಲೀನ್, ಬೆಳಿಗ್ಗೆ ಸೋಪಿನಿಂದ ಪೂರ್ತಿ ತೊಳೆದ ಮೇಲೆಯೇ ಹೊಸ ಪ್ಯಾಚ್, ಜಿಡ್ಡಿದ್ದರೆ ಅಂಟುವುದಿಲ್ಲ.

ಮತ್ತೆ, ನೋಟ ಸರಿಬಂತೆಂದು ಒಂದೇ ದಿನದಲ್ಲಿ ನಿಲ್ಲಿಸಬೇಡಿ. 6–8 ಗಂಟೆ ಹಾಕುತ್ತಿದ್ದವರು ಏಕಾಏಕಿ ಬಿಟ್ಟಾಗ ಒಂದು ವರ್ಷದೊಳಗೆ 42% ಮಕ್ಕಳಲ್ಲಿ ಮಂದದೃಷ್ಟಿ ಮರುಕಳಿಸಿತು, ಮೊದಲು 2 ಗಂಟೆಗೆ ಇಳಿಸಿ ಆಮೇಲೆ ಬಿಟ್ಟವರಲ್ಲಿ 14%. ಪ್ಯಾಚ್ ಬಿಟ್ಟ ಮೇಲೂ ಕನ್ನಡಕ ಇರಬೇಕು, ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ ಚಾರ್ಟು ಓದಿಸಬೇಕು, ಅದೂ ಒಂದೊಂದೇ ಕಣ್ಣು ಮುಚ್ಚಿ.